ತೆರೆಯುವ ಬಗೆಯನ್ನು ಬರೆದಿಡುವುದು ದ್ರೋಹವೆ?

ಅಂಧೇರಿ, ಪವಾಯಿ, ಮಲಾಡ್, ಬಾಂದ್ರಾ-ಕುರ್ಲಾ ಸಂಕೀರ್ಣ ಮೊದಲಾದೆಡೆಗಳಲ್ಲಿ ಹಗಲಿರುಳೆನ್ನದೆ ನಡೆಯುತ್ತಿರುವ ಸಾಫ್ಟ್‌ವೇರ್ ಕಛೇರಿಗಳಲ್ಲಿ ಒಂದು ಅಭಿಪ್ರಾಯವು ಬಹುಕಾಲದಿಂದ ನೆಲೆಗೊಂಡು, ಅದನ್ನು ಪ್ರಶ್ನಿಸುವವನೇ ಅವಿವೇಕಿಯೆನಿಸಿಕೊಳ್ಳುವಷ್ಟು ಆಳವಾಗಿ ಬೇರುಬಿಟ್ಟಿದೆ. ಗುಟ್ಟುಗಳನ್ನು ಎನ್‌ಕ್ರಿಪ್ಟ್ ಮಾಡಿ ಮುಚ್ಚಿಡುವ ಕ್ರಮವನ್ನು ಬೇಕಾದರೆ ಬರೆದಿಡಬಹುದು. ಮುಚ್ಚಿದ್ದನ್ನು ಪಾಸ್‌ವರ್ಡ್ ಕೊಟ್ಟು ಡಿಕ್ರಿಪ್ಟ್ ಮಾಡಿ ತೆರೆಯುವ ಉಪಕರಣದ ವಿಚಾರವನ್ನು ಮಾತ್ರ ಎಲ್ಲಿಯೂ ಬರೆಯಕೂಡದು, ಅದು ಒಬ್ಬಿಬ್ಬರು ಹಿರಿಯರ ತಲೆಯೊಳಗೇ ಇರತಕ್ಕದ್ದು, ಬರೆದಿಟ್ಟರೆ ಕಳ್ಳನ ಕೈಗೆ ನಾವೇ ಮನೆಯ ನಕ್ಷೆಯನ್ನು ಕೊಟ್ಟಂತೆ ಎಂಬುದೇ ಆ ಅಭಿಪ್ರಾಯ. ಇದನ್ನು ಹಿಡಿದು ನಡೆಯುವವರು ದುಷ್ಟರಲ್ಲ, ಸೋಮಾರಿಗಳೂ ಅಲ್ಲ; ತಮ್ಮ ವಶಕ್ಕೆ ಒಪ್ಪಿಸಿದ ಸೊತ್ತನ್ನು ಕಾಪಾಡಬೇಕೆಂಬ ನಿಷ್ಠೆಯೇ ಅವರ ಬಾಯನ್ನು ಕಟ್ಟಿದೆಯೆಂಬುದನ್ನು ನಾನು ಬಲ್ಲೆ. ಆದರೂ ಈ ನಗರದಲ್ಲಿ ಇದೇ ವೃತ್ತಿಯಲ್ಲಿ ತಲೆ ನರೆಸಿಕೊಂಡವನಾಗಿ, ಆ ಅಭಿಪ್ರಾಯವು ತಾನು ಯಾವುದನ್ನು ಕಾಪಾಡುತ್ತೇನೆಂದು ಹೇಳಿಕೊಳ್ಳುತ್ತದೆಯೋ ಅದಕ್ಕೇ ಕೇಡನ್ನು ತರತಕ್ಕದ್ದೆಂದು ಬಾಯಿಬಿಟ್ಟು ಹೇಳುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ವಿಷಯದ ಪರಿಚಯವಿಲ್ಲದ ವಾಚಕರಿಗೋಸ್ಕರ ನಾಲ್ಕು ಮಾತು. ಒಂದು ಸಾಫ್ಟ್‌ವೇರ್ ಎದ್ದು ನಿಂತು ಕೆಲಸ ಮಾಡಬೇಕಾದರೆ ಡೇಟಾಬೇಸಿನ ಪಾಸ್‌ವರ್ಡು, ಬ್ಯಾಂಕಿನ ಸರ್ವರಿನೊಡನೆ ವ್ಯವಹರಿಸಲು ಬೇಕಾದ ರಹಸ್ಯ ಕೀಲಿ ಮೊದಲಾದವು ಅದಕ್ಕೆ ತಿಳಿದಿರಬೇಕು. ಇವನ್ನೆಲ್ಲ ಕಾನ್ಫಿಗ್ ಫೈಲು ಎಂಬ ಕಡತದಲ್ಲಿ ಬರೆದಿಡುವುದು ರೂಢಿ. ಬರಿಯ ಅಕ್ಷರಗಳಲ್ಲಿ ಬರೆದರೆ ಕಂಡವರೆಲ್ಲ ಓದಿಯಾರೆಂಬ ಕಾರಣದಿಂದ, ಒಂದು ಮೂಲ ಪಾಸ್‌ವರ್ಡನ್ನು ಆಧಾರವಾಗಿಟ್ಟುಕೊಂಡು ಆ ಗುಟ್ಟುಗಳನ್ನು ಅರ್ಥವಾಗದ ಅಕ್ಷರರಾಶಿಯನ್ನಾಗಿ ಮಾರ್ಪಡಿಸಿಡುತ್ತಾರೆ. ಜಾವಾ ಭಾಷೆಯಲ್ಲಿ ಪ್ರೋಗ್ರಾಮು ಬರೆಯುವವರು ಇದಕ್ಕೆ ಜಾಸಿಪ್ಟ್ ಎಂಬ ಸಾಧನವನ್ನು ಬಳಸುವುದುಂಟು. ಮುಚ್ಚಿದ ಗುಟ್ಟು ಅಲ್ಲಿ ಇಎನ್‌ಸಿ ಎಂಬ ಮೂರಕ್ಷರಗಳ ಮುಂದೆ, ಆವರಣ ಚಿಹ್ನೆಗಳ ನಡುವೆ ಕುಳಿತಿರುತ್ತದೆ. ಅನೇಕ ಸರ್ವರುಗಳನ್ನು ಒಟ್ಟಿಗೆ ಸಜ್ಜುಗೊಳಿಸುವವರು ಆನ್ಸಿಬಲ್ ವಾಲ್ಟನ್ನು ಬಳಸುತ್ತಾರೆ. ಇವೆರಡನ್ನೂ ಬಿಟ್ಟು ಎಷ್ಟೋ ಕಛೇರಿಗಳು ತಮಗೆ ತಾವೇ ಒಂದು ಚಿಕ್ಕ ಉಪಕರಣವನ್ನು ಬರೆದುಕೊಂಡಿರುತ್ತವೆ. ಕೈಪಿಡಿಯಿಲ್ಲದೆ ಅನಾಥವಾಗಿ ಉಳಿಯುವುದು ಹೆಚ್ಚಾಗಿ ಈ ಮೂರನೆಯ ವರ್ಗವೇ.

ನಾನು ಈ ಪಾಠವನ್ನು ಕಲಿತದ್ದು 2017ರ ಆಗಸ್ಟ್ 29ರಂದು. ಅಂದು ಮಂಗಳವಾರ, ಗಣೇಶೋತ್ಸವದ ಐದನೆಯ ದಿನ. ಒಂದೇ ದಿನದಲ್ಲಿ 300 ಮಿಲಿಮೀಟರಿಗೂ ಮೀರಿ ಮಳೆ ಸುರಿದು, ಹಳಿಗಳ ಮೇಲೆ ನೀರು ನಿಂತು, ಲೋಕಲ್ ಗಾಡಿಗಳು ಇದ್ದಲ್ಲಿಯೇ ನಿಂತುಹೋದವು. ನಾನು ಆಗ ದುಡಿಯುತ್ತಿದ್ದ ಕಛೇರಿಯು ಔಷಧಿಗಳ ಸಗಟು ವ್ಯಾಪಾರಿಗಳಿಗೆ ಆರ್ಡರು ಪಡೆಯುವ ವ್ಯವಸ್ಥೆಯನ್ನು ನಡೆಸುತ್ತಿತ್ತು. ಸಂಜೆ ನಾಲ್ಕೂವರೆಯ ಹೊತ್ತಿಗೆ ನೆಲಮಾಳಿಗೆಗೆ ನೀರು ನುಗ್ಗಿ ವಿದ್ಯುತ್ತು ಹೋಯಿತು. ಮತ್ತೆ ಬಂದಾಗ ಸರ್ವರುಗಳು ಎದ್ದವು, ಪ್ರೋಗ್ರಾಮು ಏಳಲಿಲ್ಲ. ಕೆಟ್ಟುಹೋದ ಕಾನ್ಫಿಗ್ ಫೈಲಿಗೆ ಬದಲಾಗಿ ಬ್ಯಾಕಪ್ಪಿನಿಂದ ಒಂದನ್ನು ತಂದೆವು. ಅದರೊಳಗಿರುವುದು ಯಾವ ಕಾಲದ ಡೇಟಾಬೇಸ್ ಪಾಸ್‌ವರ್ಡೆಂಬುದನ್ನು ತೆರೆದು ನೋಡದೆ ಗತಿಯಿರಲಿಲ್ಲ.

ತೆರೆಯುವ ಮೂಲ ಪಾಸ್‌ವರ್ಡು ನಮ್ಮಲ್ಲಿರಲಿಲ್ಲವೆ? ಇತ್ತು. ನಿಯಮದಂತೆ ಅದು ಅರಗಿನ ಮುದ್ರೆಯ ಲಕೋಟೆಯಲ್ಲಿ ಮ್ಯಾನೇಜರರ ಕಪಾಟಿನೊಳಗೆ ಭದ್ರವಾಗಿತ್ತು. ಇಬ್ಬರ ಸಮಕ್ಷಮದಲ್ಲಿ ಮುದ್ರೆಯನ್ನೊಡೆದು ತೆಗೆದೆವು. ಅದನ್ನು ನಮ್ಮ ಉಪಕರಣಕ್ಕೆ ಹೇಗೆ ಕೊಡಬೇಕೆಂಬುದು ಮಾತ್ರ ಒಬ್ಬರಿಗೇ ತಿಳಿದಿತ್ತು. ಅವರು ಕುರ್ಲಾ ಮತ್ತು ಸಯನ್‌ಗಳ ನಡುವೆ ನಿಂತ ಗಾಡಿಯಲ್ಲಿದ್ದರು, ಅವರ ಮೊಬೈಲಿನ ಚಾರ್ಜು ಮುಗಿದಿತ್ತು. ಪಾಸ್‌ವರ್ಡನ್ನು ಒಂದು ಕಡತದಲ್ಲಿ ಬರೆದು ಕೊಟ್ಟೆವು. ಡಿಕ್ರಿಪ್ಶನ್ ಫೇಲ್ಡ್ ಎಂಬ ಒಂದೇ ಸಾಲು ಬಂದಿತು. ಆವರಣ ಚಿಹ್ನೆಗಳನ್ನು ಸೇರಿಸಿ ಕೊಟ್ಟೆವು, ತೆಗೆದು ಕೊಟ್ಟೆವು, ಉಪಕರಣದ ಹಳೆಯ ಆವೃತ್ತಿಯನ್ನು ಹುಡುಕಿ ತಂದು ಅದಕ್ಕೂ ಕೊಟ್ಟೆವು. ಪ್ರತಿ ಸಲವೂ ಅದೇ ಸಾಲು. ದಿಕ್ಕುತೋಚದ ತರುಣನೊಬ್ಬನು ಆ ಪಾಸ್‌ವರ್ಡನ್ನೇ ವಾಟ್ಸಾಪ್ ಗುಂಪಿಗೆ ಹಾಕಿ, ಇದು ಸರಿಯಿದೆಯೇ ಎಂದು ಎಲ್ಲರನ್ನೂ ಕೇಳಿದನು. ರಾತ್ರಿ ಹನ್ನೊಂದರ ಸುಮಾರಿಗೆ, ಹಳಿಯಗುಂಟ ನೀರಿನಲ್ಲಿ ನಡೆದು ಸಯನ್‌ನ ಬಂಧುಗಳ ಮನೆಯನ್ನು ಸೇರಿದ ಆ ಹಿರಿಯರು ಕರೆಮಾಡಿ, "ಪಾಸ್‌ವರ್ಡ್ ಬರೆದ ಮೇಲೆ ಎಂಟರ್ ಒತ್ತಿದ್ದೀರೇನೋ ನೋಡಿ, ಒತ್ತಿದ್ದರೆ ಅಳಿಸಿಬಿಡಿ" ಎಂದರು. ಅಳಿಸಿದೆವು, ಕಡತ ತೆರೆಯಿತು. ಸಾಲಿನ ಕೊನೆಯಲ್ಲಿ ಕಣ್ಣಿಗೆ ಕಾಣದೆ ಸೇರಿಕೊಳ್ಳುವ ಆ ಒಂದು ಅಕ್ಷರವನ್ನೂ ನಮ್ಮ ಉಪಕರಣವು ಪಾಸ್‌ವರ್ಡಿನ ಅಂಗವೆಂದೇ ಎಣಿಸುತ್ತಿತ್ತು. ಕೀಲಿ ಕೈಯಲ್ಲಿದ್ದೂ ಆರೂವರೆ ಗಂಟೆಗಳ ಕಾಲ ನಮ್ಮ ಮನೆಯ ಹೊರಗೆ ನಾವೇ ನಿಂತಿದ್ದೆವು. ಒಂದು ಸಾಲಿನ ಬರಹವಿದ್ದಿದ್ದರೆ ನಿಲ್ಲಬೇಕಾಗಿರಲಿಲ್ಲ.

ಮರುವಾರ ನಾನು ನಾಲ್ಕು ಪುಟಗಳ ಕೈಪಿಡಿಯೊಂದನ್ನು ಬರೆದು ಮುಂದಿಟ್ಟಾಗ, ಅದನ್ನು ತೆಗೆದುಹಾಕಬೇಕೆಂದು ಆಜ್ಞೆಯಾಯಿತು. ಕೊಟ್ಟ ಕಾರಣವು ಮೇಲೆ ಹೇಳಿದ್ದೇ: ಕಳ್ಳನು ಓದಿದರೆ? ಆ ಪ್ರಶ್ನೆಯನ್ನು ನಾನು ಹಗುರವಾಗಿ ಎಣಿಸುವವನಲ್ಲ. ಅದನ್ನು ಅದರ ಅತ್ಯಂತ ಪ್ರಬಲವಾದ ರೂಪದಲ್ಲಿಯೇ ಎತ್ತಿಕೊಳ್ಳೋಣ. ಮುಚ್ಚಿದ ಕಡತವೊಂದು ಕಳ್ಳನಿಗೆ ಸಿಕ್ಕಿತೆಂದುಕೊಳ್ಳಿ. ತೆರೆಯುವ ವಿಧಾನವೂ ತಿಳಿದಿದ್ದರೆ ಅವನು ತನ್ನ ಕೋಣೆಯಲ್ಲಿ ಕುಳಿತು, ಒಂದಾದ ಮೇಲೊಂದು ಪಾಸ್‌ವರ್ಡನ್ನು ಊಹಿಸುತ್ತ, ಯಂತ್ರದಿಂದ ಕೋಟಿಗಟ್ಟಲೆ ಪ್ರಯತ್ನಗಳನ್ನು ಮಾಡಿಸಬಹುದು. ವಿಧಾನವು ತಿಳಿಯದಿದ್ದರೆ ಆ ಪ್ರಯತ್ನವನ್ನು ಆರಂಭಿಸುವುದೇ ಅವನಿಗೆ ಕಷ್ಟ. ಇದು ನಿಜವಾದ ವಾದ. ಆದರೆ ಆ ಕಷ್ಟವು ಎಷ್ಟು ಕಾಲದ್ದು? ಜಾವಾ ಪ್ರೋಗ್ರಾಮನ್ನು ಮರಳಿ ಓದಬಲ್ಲ ರೂಪಕ್ಕೆ ಬಿಡಿಸಿಕೊಡುವ ಸಾಧನಗಳು ಯಾರಿಗೆ ಬೇಕಾದರೂ ಸಿಗುತ್ತವೆ. ಉಪಕರಣವನ್ನು ಕದ್ದವನು ಒಂದೆರಡು ದಿನಗಳಲ್ಲಿ ಅದರ ಒಳಗನ್ನೆಲ್ಲ ಕಂಡುಕೊಳ್ಳುತ್ತಾನೆ. ಅವನಿಗೆ ಅವಸರವಿಲ್ಲ, ವಾರವಿದೆ, ತಿಂಗಳಿದೆ. ಅವಸರವಿರುವುದು ನೀರು ನುಗ್ಗಿದ ಸಂಜೆಯಲ್ಲಿ, ವ್ಯಾಪಾರಿಗಳ ಕರೆಗಳ ನಡುವೆ, ಹತ್ತು ನಿಮಿಷಗಳೊಳಗೆ ಕಡತವನ್ನು ತೆರೆಯಬೇಕಾದ ಒಡೆಯನಿಗೆ. ಕಳ್ಳನಿಗೆ ಕಾಲವುಂಟು, ಒಡೆಯನಿಗಿಲ್ಲ. ವಿಧಾನವನ್ನು ಬಚ್ಚಿಡುವುದರಿಂದ ಕಾಲವುಳ್ಳವನ ಕಾಲವು ಕೊಂಚ ವ್ಯಯವಾಗುತ್ತದೆ, ಕಾಲವಿಲ್ಲದವನು ಸರ್ವಸ್ವವನ್ನೂ ಕಳೆದುಕೊಳ್ಳುತ್ತಾನೆ. ನನ್ನ ವಾದದ ತಿರುಳೆಲ್ಲ ಈ ಒಂದು ಮಾತಿನಲ್ಲಿದೆ.

ಊಹೆಯ ಪ್ರಯತ್ನವನ್ನು ತಡೆಯತಕ್ಕದ್ದು ಪಾಸ್‌ವರ್ಡಿನ ಬಲ ಮತ್ತು ವಿಧಾನದ ಬಲ. ಆನ್ಸಿಬಲ್ ವಾಲ್ಟಿನ ಕಡತವು ತನ್ನ ಮೊದಲನೆಯ ಸಾಲಿನಲ್ಲಿಯೇ ತನ್ನ ಹೆಸರನ್ನೂ ಆವೃತ್ತಿಯನ್ನೂ ಎಇಎಸ್256 ಎಂಬ ಗೂಢಲಿಪಿಯ ಹೆಸರನ್ನೂ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತದೆ. ಪಾಸ್‌ವರ್ಡಿಗೆ ಸಾಲ್ಟ್ ಎಂಬ ಯಾದೃಚ್ಛಿಕ ಅಂಶವನ್ನು ಬೆರಸಿ 10,000 ಸಲ ನಾದಿ ಕೀಲಿಯನ್ನು ತಯಾರಿಸುವುದರಿಂದ, ಒಂದೊಂದು ಊಹೆಗೂ ಕಳ್ಳನು ಅಷ್ಟು ಶ್ರಮವನ್ನು ತೆರಬೇಕಾಗುತ್ತದೆಂಬುದೂ ಎಲ್ಲರಿಗೂ ತಿಳಿದ ಸಂಗತಿ. ತೆರೆಯುವುದು ಹೇಗೆ, ತೆರೆದುದನ್ನು ಡಿಸ್ಕಿನ ಮೇಲೆ ಇಳಿಸದೆ ನೋಡುವುದು ಹೇಗೆ, ಪಾಸ್‌ವರ್ಡನ್ನು ಬದಲಿಸುವುದು ಹೇಗೆಂಬುದನ್ನು ಅದರ ಕೈಪಿಡಿ ಸವಿಸ್ತಾರವಾಗಿ ಹೇಳುತ್ತದೆ. ಇಷ್ಟೆಲ್ಲ ಹೇಳಿಯೂ ಅದು ದುರ್ಬಲವಾಗಲಿಲ್ಲ. ಎಇಎಸ್‌ನ ಕಥೆಯೂ ಹಾಗೆಯೇ: ಅಮೆರಿಕದ ಮಾನಕ ಸಂಸ್ಥೆಯು 1997ರಲ್ಲಿ ಜಗತ್ತಿನ ವಿದ್ವಾಂಸರನ್ನೆಲ್ಲ ಬಹಿರಂಗವಾಗಿ ಆಹ್ವಾನಿಸಿ, ಬಂದ ವಿಧಾನಗಳನ್ನು ಪರಸ್ಪರ ಭೇದಿಸಲು ಬಿಟ್ಟು, ಉಳಿದು ನಿಂತ ಬೆಲ್ಜಿಯಂನ ಇಬ್ಬರು ಪಂಡಿತರ ವಿಧಾನವನ್ನು 2001ರಲ್ಲಿ ಮಾನಕವೆಂದು ಅಂಗೀಕರಿಸಿತು.

ಈ ತತ್ತ್ವವು ನಿನ್ನೆ ಮೊನ್ನೆಯದಲ್ಲ. 1883ರಲ್ಲಿ ಪ್ಯಾರಿಸ್ಸಿನಲ್ಲಿ ಅಧ್ಯಾಪಕರಾಗಿದ್ದ ಆಗುಸ್ತ್ ಕೆರ್ಕ್‌ಹಾಫ್ಸರು ಸೈನ್ಯದ ಗೂಢಲಿಪಿಗಳನ್ನು ಕುರಿತು ಬರೆಯುತ್ತ, ವಿಧಾನವು ಶತ್ರುವಿನ ಕೈಗೆ ಬಿದ್ದರೂ ಕೆಡುಕಾಗದಂತಿರಬೇಕು, ರಹಸ್ಯವು ಕೀಲಿಯೊಂದರಲ್ಲಿಯೇ ಇರಬೇಕು ಎಂಬ ಸೂತ್ರವನ್ನು ವಿಧಿಸಿದರು. ಅದಕ್ಕೂ ಮೊದಲು, 1851ರ ಲಂಡನ್ ಮಹಾಪ್ರದರ್ಶನದ ಸಂದರ್ಭದಲ್ಲಿ, ಆಲ್ಫ್ರೆಡ್ ಹಾಬ್ಸ್ ಎಂಬ ಅಮೆರಿಕದ ಬೀಗಗಾರನು ಅಭೇದ್ಯವೆಂದು ಹೆಸರಾಗಿದ್ದ ಚಬ್ ಬೀಗವನ್ನು ಅರ್ಧ ಗಂಟೆಯೊಳಗೆ ತೆರೆದು, 200 ಗಿನಿಗಳ ಪಂಥವಿಟ್ಟು ದಶಕಗಟ್ಟಲೆ ಅಂಗಡಿಯ ಕಿಟಕಿಯಲ್ಲಿ ಮೆರೆಯುತ್ತಿದ್ದ ಬ್ರಾಮಾ ಬೀಗವನ್ನು ಹದಿನಾರು ದಿನಗಳಲ್ಲಿ ಹರಡಿದ 51 ಗಂಟೆಗಳ ಶ್ರಮದಿಂದ ಗೆದ್ದಾಗ, ಇಂಥ ಸಂಗತಿಗಳನ್ನು ಬಹಿರಂಗಪಡಿಸುವುದು ಕಳ್ಳರಿಗೆ ಪಾಠ ಹೇಳಿದಂತೆ ಎಂಬ ಕೂಗು ಎದ್ದಿತು. ಕಳ್ಳರಿಗೆ ಅದು ಮೊದಲೇ ಗೊತ್ತಿದೆ, ಗೊತ್ತಿಲ್ಲದಿರುವುದು ಬೀಗ ಕೊಳ್ಳುವ ಗೃಹಸ್ಥನಿಗೆ ಎಂಬ ಉತ್ತರವೂ ಅಂದೇ ದೊರೆಯಿತು. ನಮ್ಮ ಮುಂಬಯಿಯ ಲಾಲ್‌ಬಾಗಿನಲ್ಲಿ 1897ರಲ್ಲಿ ಬೀಗಗಳನ್ನು ತಯಾರಿಸತೊಡಗಿದ ಅರ್ದೇಶಿರ್ ಗೋದ್ರೇಜರು ತಮ್ಮ ಬೀಗಗಳ ರಚನೆಗೆ ಪೇಟೆಂಟ್ ಪಡೆದರು. ಪೇಟೆಂಟೆಂದರೆ ರಚನೆಯನ್ನು ಚಿತ್ರಸಹಿತವಾಗಿ ಸಾರ್ವಜನಿಕ ದಾಖಲೆಗೆ ಒಪ್ಪಿಸುವುದೆಂದೇ ಅರ್ಥವಷ್ಟೆ. ಹಾಗೆ ಒಪ್ಪಿಸಿದ ಮೇಲೂ ಆ ಬೀಗವನ್ನು ನಂಬಿ ಜನರು ತಲೆಮಾರುಗಳ ಕಾಲ ನಿದ್ರಿಸಿದರು.

ಇದಕ್ಕಿಂತಲೂ ಹತ್ತಿರದ ಪ್ರಮಾಣವು ಬೇಕೆಂದರೆ ಫೋರ್ಟಿನಲ್ಲಿರುವ ರಿಸರ್ವ್ ಬ್ಯಾಂಕಿನ ಕೇಂದ್ರ ಕಛೇರಿಯತ್ತ ನೋಡಬಹುದು. ಬ್ಯಾಂಕಿನ ಲಾಕರಿಗೆ ಎರಡು ಕೀಲಿಗಳು, ಒಂದು ಗ್ರಾಹಕನದು, ಒಂದು ಬ್ಯಾಂಕಿನದು, ಎರಡೂ ಕೂಡಿದಲ್ಲದೆ ತೆರೆಯದೆಂಬುದು ಬೀದಿಯ ಮಗುವಿಗೂ ಗೊತ್ತು. ರಿಸರ್ವ್ ಬ್ಯಾಂಕು 2021ರ ಆಗಸ್ಟ್ 18ರಂದು ಹೊರಡಿಸಿ 2022ರ ಜನವರಿ 1ರಿಂದ ಜಾರಿಗೆ ತಂದ ಲಾಕರ್ ಸೂಚನೆಗಳಲ್ಲಿ, ಗ್ರಾಹಕನು ಕೀಲಿಯನ್ನು ಕಳೆದುಕೊಂಡಾಗ, ಬಾಡಿಗೆ ವರ್ಷಗಟ್ಟಲೆ ಬಾಕಿಯುಳಿದಾಗ, ಸರಕಾರದ ಆದೇಶ ಬಂದಾಗ ಲಾಕರನ್ನು ಒಡೆದು ತೆರೆಯುವುದು ಹೇಗೆ, ಸಾಕ್ಷಿಗಳು ಯಾರಿರಬೇಕು, ವಿಡಿಯೋ ಚಿತ್ರಣ ಹೇಗಾಗಬೇಕು, ಒಳಗಿದ್ದುದರ ಪಟ್ಟಿಯನ್ನು ಹೇಗೆ ಬರೆಯಬೇಕೆಂಬುದೆಲ್ಲ ಎಲ್ಲರೂ ಓದಬಹುದಾದಂತೆ ಬರೆದಿದೆ. ಆ ಬರಹವನ್ನು ಓದಿದವನಿಗೆ ತಿಳಿಯುವುದು ಅಕ್ರಮವಾಗಿ ತೆರೆಯುವ ದಾರಿಯಲ್ಲ, ಕ್ರಮವಾಗಿ ತೆರೆಯುವ ದಾರಿ. ಕ್ರಮವನ್ನು ಬರೆದಿಟ್ಟಾಗಲೇ ಅಕ್ರಮವನ್ನು ಬೆರಳಿಟ್ಟು ತೋರಿಸುವುದು ಸಾಧ್ಯ; ಕ್ರಮವೇ ಯಾರಿಗೂ ತಿಳಿಯದ ಕಛೇರಿಯಲ್ಲಿ ಪ್ರತಿಯೊಂದು ತೆರೆಯುವಿಕೆಯೂ ಒಂದೇ ಬಣ್ಣದ್ದಾಗಿ ಕಾಣುತ್ತದೆ.

ಇನ್ನು ಮೌನದಿಂದಾಗುವ ಪ್ರತ್ಯಕ್ಷ ಹಾನಿಯನ್ನು ನೋಡೋಣ. ದಾರಿ ತಿಳಿಯದವನು ಸುಮ್ಮನೆ ಕುಳಿತಿರುವುದಿಲ್ಲ. ಕೈಗೆ ಸಿಕ್ಕ ದಾರಿಯನ್ನು ಹಿಡಿಯುತ್ತಾನೆ. ಪಾಸ್‌ವರ್ಡನ್ನು ಆಜ್ಞೆಯ ಸಾಲಿನಲ್ಲಿಯೇ ನೇರವಾಗಿ ಬರೆದು ಉಪಕರಣವನ್ನು ಓಡಿಸುತ್ತಾನೆ; ಹಾಗೆ ಬರೆದ ಪಾಸ್‌ವರ್ಡು ಆ ಯಂತ್ರದಲ್ಲಿ ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿಯನ್ನು ನೋಡುವ ಇತರರಿಗೂ ಆ ಹೊತ್ತಿನಲ್ಲಿ ಕಾಣಬಹುದೆಂಬುದು, ಆಜ್ಞೆಗಳ ಇತಿಹಾಸದ ಕಡತದಲ್ಲಿ ಅದು ತಿಂಗಳುಗಟ್ಟಲೆ ಉಳಿಯುವುದೆಂಬುದು ಅವನಿಗೆ ಗೊತ್ತಿರುವುದಿಲ್ಲ. ತೆರೆದ ಗುಟ್ಟುಗಳನ್ನು ತಾತ್ಕಾಲಿಕ ಕಡತದಲ್ಲಿ ಇಳಿಸಿ ಅಳಿಸಲು ಮರೆಯುತ್ತಾನೆ. ಆ ಕಡತವು ಇತರ ಕೆಲಸದೊಡನೆ ಸೇರಿ, ಪ್ರೋಗ್ರಾಮುಗಳನ್ನು ಕೂಡಿಡುವ ಗಿಟ್ ಭಂಡಾರಕ್ಕೆ ಹೋಗಿಬಿಡುತ್ತದೆ. 2016ರಲ್ಲಿ ಊಬರ್ ಸಂಸ್ಥೆಯ 5.7 ಕೋಟಿ ಜನರ ವಿವರಗಳು ಅಪಹೃತವಾದಾಗ, ಕಳ್ಳರು ಯಾವ ಗೂಢಲಿಪಿಯನ್ನೂ ಭೇದಿಸಬೇಕಾಗಿ ಬರಲಿಲ್ಲ. ಭಂಡಾರದಲ್ಲಿ ಬರಿಯ ಅಕ್ಷರಗಳಲ್ಲಿ ಬಿದ್ದಿದ್ದ ಕೀಲಿಗಳನ್ನು ಎತ್ತಿಕೊಂಡರು. ನಮ್ಮ ಕಛೇರಿಯ ತರುಣನು ವಾಟ್ಸಾಪಿನಲ್ಲಿ ಪಾಸ್‌ವರ್ಡನ್ನು ಹಾಕಿದ್ದೂ ಇದೇ ಜಾತಿಯ ಅನಾಹುತ. ಅವನಿಗೆ ಶಿಕ್ಷೆಯಾಯಿತು, ಅವನನ್ನು ಆ ಸ್ಥಿತಿಗೆ ತಂದ ಮೌನಕ್ಕೆ ಆಗಲಿಲ್ಲ.

ಮೌನವು ದೌರ್ಬಲ್ಯಕ್ಕೂ ಆಶ್ರಯ ಕೊಡುತ್ತದೆ. ಜಾಸಿಪ್ಟಿನ ಹಳೆಯ ರೂಢಿಯ ವಿಧಾನವು ಡಿಇಎಸ್ ಎಂಬ ಗೂಢಲಿಪಿಯನ್ನವಲಂಬಿಸಿದ್ದಿತು. ಡಿಇಎಸ್‌ನ ಕೀಲಿಯ ಗಾತ್ರ 56 ಬಿಟ್‌ಗಳು ಮಾತ್ರ. 1998ರಲ್ಲಿಯೇ ಅದಕ್ಕೋಸ್ಕರ ಕಟ್ಟಿದ ಯಂತ್ರವೊಂದು ಮೂರು ದಿನಗಳೊಳಗೆ ಅದನ್ನು ಭೇದಿಸಿ ತೋರಿಸಿತು. ವಿಧಾನದ ಹೆಸರು ಕೈಪಿಡಿಯಲ್ಲಿ ಬರೆದಿದ್ದರೆ ಲೆಕ್ಕಪರಿಶೋಧಕನು ಓದಿ, ಇದನ್ನು ಬದಲಿಸಿರೆಂದು ಹೇಳಬಲ್ಲನು. ಹೊಸದಾಗಿ ಸೇರಿದ ಎಂಜಿನಿಯರನೂ ಓದಿ ಎಚ್ಚರಿಸಬಲ್ಲನು. ಬರೆಯದಿದ್ದರೆ ಆ ಕೊಳೆತ ಹಲಗೆಯು ಬಣ್ಣದ ಕೆಳಗೆ ವರ್ಷಗಟ್ಟಲೆ ಉಳಿಯುತ್ತದೆ. ಇನ್ನೊಂದು ಮಾತು: ಅನಾಹುತವು ಗಮನಕ್ಕೆ ಬಂದ ಆರು ಗಂಟೆಗಳೊಳಗೆ ವರದಿ ಮಾಡಬೇಕೆಂದು, ಸೈಬರ್ ಅನಾಹುತಗಳನ್ನು ನೋಡಿಕೊಳ್ಳುವ ಸರಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ವಿಧಿಸಿದೆ. ಕೀಲಿಯೊಂದು ಸೋರಿತೆಂದು ಸಂಶಯ ಬಂದ ಕ್ಷಣದಿಂದ ಎಲ್ಲ ಕಾನ್ಫಿಗ್ ಫೈಲುಗಳನ್ನು ತೆರೆದು, ಗುಟ್ಟುಗಳನ್ನು ಬದಲಿಸಿ, ಹೊಸ ಪಾಸ್‌ವರ್ಡಿನಿಂದ ಮತ್ತೆ ಮುಚ್ಚಬೇಕು. ತೆರೆಯುವುದನ್ನೇ ಅರಿಯದವರು ಬದಲಿಸುವುದನ್ನು ಹೇಗೆ ಮಾಡಿಯಾರು? ಆರು ಗಂಟೆಗಳಲ್ಲಿ ನಾವು ಒಂದೇ ಒಂದು ಕಡತವನ್ನು ತೆರೆಯಲಾರದೆ ಹೋದವರು.

ಪ್ರೋಗ್ರಾಮೇ ತನ್ನ ಕೈಪಿಡಿ, ಬೇಕಾದವರು ಅದನ್ನೇ ಓದಿಕೊಳ್ಳಲಿ ಎಂದು ಕೆಲವರು ಹೇಳುವುದುಂಟು. ಪ್ರೋಗ್ರಾಮು ಏನು ಮಾಡುತ್ತದೆಂಬುದನ್ನು ಹೇಳೀತು. ಯಾವ ಸಂದರ್ಭದಲ್ಲಿ, ಯಾರ ಅನುಮತಿಯಿಂದ, ಯಾವ ಕಡತವನ್ನು ಮೊದಲು ತೆರೆಯಬೇಕು, ತೆರೆದ ಮೇಲೆ ಏನನ್ನು ಅಳಿಸಬೇಕೆಂಬುದನ್ನು ಹೇಳದು. ಅದನ್ನು ಹೇಳಬೇಕಾದವನು ಮನುಷ್ಯ, ಹೇಳಬೇಕಾದುದು ಮನುಷ್ಯನ ಭಾಷೆಯಲ್ಲಿ.

ಈ ಮುಚ್ಚಿಡುವ ಸ್ವಭಾವವು ನಮ್ಮ ನಾಡಿಗೆ ಹೊಸದಲ್ಲ. ಬಾಲ್ಯದಲ್ಲಿ ನಮ್ಮೂರಿನ ಕಡೆ ಕಾಮಾಲೆಗೆ ಮದ್ದು ಕೊಡುತ್ತಿದ್ದ ವೃದ್ಧರೊಬ್ಬರಿದ್ದರು. ಮೂಲಿಕೆಯ ಹೆಸರನ್ನು ಹೇಳಿದರೆ ಮದ್ದು ಫಲಿಸದೆಂದು ಅವರು ನಂಬಿದ್ದರು, ನಾವೂ ನಂಬಿದ್ದೆವು. ಅವರು ಹೋದರು, ಮದ್ದೂ ಅವರೊಡನೆ ಹೋಯಿತು. ಕನ್ನಡದ 'ಸಿರಿಭೂವಲಯ'ವನ್ನು ನೆನೆಯಿರಿ. ಕುಮುದೇಂದು ಮುನಿಯ ಕೃತಿಯೆಂದು ಪ್ರತೀತಿಯಿರುವ ಆ ಗ್ರಂಥವು ಅಕ್ಷರಗಳಿಗೆ ಬದಲಾಗಿ 1ರಿಂದ 64ರವರೆಗಿನ ಅಂಕಗಳನ್ನು 27 ಅಡ್ಡ, 27 ಉದ್ದದ ಮನೆಗಳ ಚಕ್ರಗಳಲ್ಲಿ ತುಂಬಿಸಿಟ್ಟಿದೆ. ಯಾವ ಮನೆಯಿಂದ ಯಾವ ಮನೆಗೆ ಹೋಗಬೇಕೆಂಬ ಬಂಧವು ತಿಳಿದರೆ ಅದು ಕಾವ್ಯ. ತಿಳಿಯದಿದ್ದರೆ 729 ಮನೆಗಳ ಅಂಕರಾಶಿ. ಎಲ್ಲಪ್ಪ ಶಾಸ್ತ್ರಿಗಳು ಜೋಪಾನವಾಗಿ ಕಾಪಾಡಿಕೊಂಡು ಬಂದ ಅದನ್ನು ಕರ್ಲಮಂಗಲಂ ಶ್ರೀಕಂಠಯ್ಯನವರು ಶ್ರಮಪಟ್ಟು ಬಿಡಿಸಿದ ಮೇಲೆ, 1953ರಲ್ಲಿ ಮೊದಲ ಭಾಗವು ಅಚ್ಚಾಯಿತು. ಅದರ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಒಮ್ಮತವಿಲ್ಲವೆಂಬುದು ಬೇರೆಯ ಮಾತು. ಓದುವ ಬಂಧವು ಕೈತಪ್ಪಿದ ಗ್ರಂಥವು ಅದರ ವಾರಸುದಾರನಿಗೂ ಕಲ್ಲುಗೋಡೆಯಾಗುವುದೆಂಬುದಕ್ಕೆ ಅದಕ್ಕಿಂತ ದೊಡ್ಡ ನಿದರ್ಶನವನ್ನು ನಾನರಿಯೆ.

ಹಾಗಾದರೆ ಎಲ್ಲವನ್ನೂ ಬರೆಯಬೇಕೆ? ಅಲ್ಲ. ಪಾಸ್‌ವರ್ಡನ್ನು ಕೈಪಿಡಿಯಲ್ಲಿ ಬರೆಯಕೂಡದು. ಅದರ ನೆಲೆ ಬೇರೆ, ಅದನ್ನು ತೆಗೆಯುವ ಅಧಿಕಾರವೂ ಬೇರೆ. ಉದಾಹರಣೆಗೆಂದು ನಿಜವಾದ ಪಾಸ್‌ವರ್ಡನ್ನೇ ಬರೆದುಬಿಡುವ ಅಭ್ಯಾಸವನ್ನು ನಾನು ಎಲ್ಲರಿಗಿಂತ ಹೆಚ್ಚಾಗಿ ಖಂಡಿಸುತ್ತೇನೆ. ಕೈಪಿಡಿಯಲ್ಲಿರಬೇಕಾದುದು ಇಷ್ಟು: ಉಪಕರಣವು ಎಲ್ಲಿದೆ, ಯಾವ ಆವೃತ್ತಿ ಯಾವ ಕಡತವನ್ನು ತೆರೆಯಬಲ್ಲುದು, ಗೂಢಲಿಪಿಯ ವಿಧಾನದ ಹೆಸರೇನು, ಪಾಸ್‌ವರ್ಡನ್ನು ಯಾವ ರೂಪದಲ್ಲಿ ಕೊಡಬೇಕು, ಯಾವ ರೂಪದಲ್ಲಿ ಕೊಡಕೂಡದು, ತೆರೆದ ಗುಟ್ಟನ್ನು ಡಿಸ್ಕಿನ ಮೇಲೆ ಇಳಿಸದೆ ನೋಡುವುದು ಹೇಗೆ, ವಿಫಲವಾದಾಗ ಬರುವ ಒಂದೊಂದು ಸಂದೇಶದ ಅರ್ಥವೇನು, ತೆರೆದವರ ಹೆಸರು ಎಲ್ಲಿ ದಾಖಲಾಗಬೇಕು, ಮುಗಿದ ಮೇಲೆ ಪಾಸ್‌ವರ್ಡನ್ನು ಬದಲಿಸುವುದು ಹೇಗೆ. ಆರು ತಿಂಗಳಿಗೊಮ್ಮೆ, ಆ ಉಪಕರಣವನ್ನು ಎಂದೂ ಮುಟ್ಟದ ಒಬ್ಬನ ಕೈಗೆ ಇದನ್ನು ಕೊಟ್ಟು, ಬಳಕೆಯಲ್ಲಿಲ್ಲದ ಒಂದು ಕಡತವನ್ನು ಅವನಿಂದ ತೆರೆಸಿ ನೋಡಬೇಕು. ಅವನು ಎಡವಿದಲ್ಲೆಲ್ಲ ಕೈಪಿಡಿಯನ್ನು ತಿದ್ದಬೇಕು.

ನಾನು ಬರೆದ ಆ ನಾಲ್ಕು ಪುಟಗಳು ಎರಡು ವರ್ಷಗಳ ಕಾಲ ನನ್ನ ಮೇಜಿನ ಸೆಳೆಖಾನೆಯಲ್ಲಿದ್ದವು. ಕೊನೆಗೆ ಅವನ್ನು ಸ್ವೀಕರಿಸುವಂತೆ ಮಾಡಿದವರು ಅಂದು ಸಯನ್‌ನಿಂದ ಕರೆಮಾಡಿದ ಹಿರಿಯರೇ. ನಿವೃತ್ತಿಯ ಮುನ್ನಾದಿನ ಅವರು ಅವನ್ನು ಕೇಳಿ ತೆಗೆದುಕೊಂಡು, ಪೆನ್ನು ಹಿಡಿದು ಓದಿ, ತಮಗೊಬ್ಬರಿಗೇ ಗೊತ್ತಿದ್ದ ಹನ್ನೊಂದು ಸಂಗತಿಗಳನ್ನು ಅಂಚಿನಲ್ಲಿ ಬರೆದು, ಕೆಳಗೆ ತಮ್ಮ ಸಹಿಯನ್ನು ಹಾಕಿ ಮ್ಯಾನೇಜರರ ಕೈಗಿತ್ತರು. ಈಗ ಅದರ ಒಂದು ಅಚ್ಚಾದ ಪ್ರತಿ ಸರ್ವರುಗಳ ಕೋಣೆಯಲ್ಲಿ, ವಿದ್ಯುತ್ತು ಹೋದರೂ ಓದಬಹುದಾದಂತೆ, ಟಾರ್ಚಿನ ಪಕ್ಕದಲ್ಲಿ ತೂಗುತ್ತಿದೆ. ಅದನ್ನು ಓದುವವನು ಯಾರೆಂದು ನಾನು ಕಣ್ಣುಮುಚ್ಚಿದರೆ ಕಾಣಬಲ್ಲೆ: ಆಷಾಢದ ಒಂದು ರಾತ್ರಿ, ಪಾಳಿಯಲ್ಲಿ ಒಬ್ಬನೇ ಉಳಿದ, ವಿರಾರಿನಿಂದಲೋ ಡೊಂಬಿವಲಿಯಿಂದಲೋ ಬಂದ, ಕೆಲಸಕ್ಕೆ ಸೇರಿ ಮೂರು ತಿಂಗಳೂ ಆಗದ ಹುಡುಗ. ನಾವು ಮೌನದಿಂದಿದ್ದು ಕಾಪಾಡುತ್ತೇವೆಂದು ತಿಳಿದಿರುವುದೆಲ್ಲ ಆ ಹೊತ್ತಿನಲ್ಲಿ ಅವನ ಕೈಯಲ್ಲಿರುತ್ತದೆ.